ಚಿಕ್ಕಮಾವನ ಮೂರು ಬೆರಳಿನ ಕುದುರೆಗಳು

ನಮ್ಮ ಚಿಕ್ಕಮಾವನವರಿಗೆ ತಲೆ ಕೆಟ್ಟಿತ್ತು ಎಂದು ಗಾವಡಗೆರೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲರಿಗೂ ತೀರಿಹೋದ ತಾತ ಮುತ್ತಾತಂದಿರ ನೆನಪು ಬಂದರೆ, ಇವರಿಗೆ ಲಕ್ಷಾಂತರ ವರ್ಷಗಳ ಹಿಂದೆ ಸತ್ತ ಪ್ರಾಣಿಗಳ ನೆನಪು ಬರುತ್ತಿತ್ತು, ಅಷ್ಟೇ!

ಐವತ್ತರ ದಶಕದ ಮೊದಲಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಚಿಕ್ಕಮಾವನ ಹೆಂಡತಿ, ನಮ್ಮ ಚಿಕ್ಕತ್ತೆಗೆ ಮಕ್ಕಳಿರಲಿಲ್ಲ. ಮಾವನಿಗೆ ಎರಡನೇ ಮದುವೆ ಮಾಡಬೇಕೆಂಬ ಮಾತು ಮನೆಯಲ್ಲಿ ಎದ್ದಿತ್ತು. ಪಾಪ, ಅಂದಿನಿಂದ ಚಿಕ್ಕತ್ತೆ ನೆಟ್ಟಗೆ ಊಟ ಮಾಡುತ್ತಿರಲಿಲ್ಲ.

ಮಾವನೋ, ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಹಿಡಿದು ಸಂಜೆ ಕೆರೆ ಏರಿಯ ಮೇಲೆ ಕೂರುತ್ತಿದ್ದರು. ನೀರಿಗಿಳಿದ ಎಮ್ಮೆಗಳ ನಡುವೆ ಅವರಿಗೆ ಆ ಪುಸ್ತಕದಲ್ಲಿದ್ದ, ಈಗಿನ ಕುದುರೆಗಳ ಮುತ್ತಜ್ಜಂದಿರಾದ ನಾಯಿಯಷ್ಟೆತ್ತರದ, ಮೂರು ಬೆರಳಿನ ಕುದುರೆಗಳು ಕಾಣುತ್ತಿದ್ದವು. ಬಟ್ಟೆ ಒಗೆದು ಬರುತ್ತಿದ್ದ ನನ್ನನ್ನು ನಿಲ್ಲಿಸಿ, ಒಂದು ಜಾತಿ ಹುಟ್ಟಿ ಕವಲೊಡೆಯುವುದು, ಕೆಲವು ಕವಲು ಹಾಗೇ ನಿಂತುಹೋಗುವುದು, ಆ ಜಾಗಕ್ಕೆ ಇನ್ನೊಂದು ಬರುವುದು, ಎಲ್ಲವನ್ನೂ ಮೆತ್ತಗೆ ಹೇಳುತ್ತಿದ್ದರು. ಬಿಸಿಲಿಳಿದು ಕೆರೆ ಮಸುಕಾದಾಗ ನನಗೂ ಒಂದೆರಡು ಕುದುರೆ ಕಂಡದ್ದುಂಟು! ತಡವಾಗಿ ಹೋಗಿ ಬೈಸಿಕೊಂಡದ್ದೂ ಉಂಟು.

ಒಮ್ಮೆ ತೋಟದಲ್ಲಿ ಬಾವಿ ತೋಡುವಾಗ ಹಲ್ಲೊಂದು ಸಿಕ್ಕಿತು ನೋಡಿ! ಹತ್ತು ಲಕ್ಷ ವರ್ಷದ್ದೆಂದು ಹುಣಸೂರಿನವರೆಗೂ ಹೋಗಿ ತೋರಿಸಿ ಬಂದರು. ಚಿಕ್ಕತ್ತೆ ತಿರುಗಿಸಿ ನೋಡಿ, ಅದು ನಮ್ಮ ಹಳೇ ಎತ್ತಿನದು, ಅಲ್ಲೇ ಹೂತಿದ್ದೆವು ಎಂದರು. ಮಾವ ಕುಗ್ಗಲಿಲ್ಲ. ಎತ್ತಿಗೂ ಅಜ್ಜಂದಿರಿರುವುದಿಲ್ಲವೇ ಎಂದು ನಮ್ಮನ್ನೇ ಕೇಳಿದರು.

ಮಹಾಲಯ ಅಮಾವಾಸ್ಯೆಗೆ ನಾವು ಹಿರಿಯರಿಗೆ ಎಡೆ ಇಟ್ಟರೆ, ಅವರು ನಾಮಾವಶೇಷವಾದ ಪ್ರಾಣಿಗಳಿಗೂ ಎರಡು ಎಲೆ ಹಾಕಿಸಿದರು. ಒಂದಕ್ಕೆ ಹಸಿಹುಲ್ಲು, ಇನ್ನೊಂದಕ್ಕೆ ಬಾಡು. ಪಡಸಾಲೆಯ ಆ ತುದಿಗೊಂದು, ಈ ತುದಿಗೊಂದು. ಏಕೆ ಅಂತೀರಾ? ಒಟ್ಟಿಗೆ ಕೂರಿಸಿದರೆ ಒಂದನ್ನೊಂದು ತಿಂದುಬಿಟ್ಟಾವು ಎಂಬ ಭಯ!

ಹಬ್ಬಕ್ಕೆಂದು ಕಂಪಲಾಪುರದಿಂದ ಬಂದಿದ್ದ ಮಾವನ ಅಕ್ಕನಿಗೆ ತಡೆಯಲಾಗಲಿಲ್ಲ.

“ಹುಲ್ಲಿಗೆ ಕೈ ಮುಗಿದಿದ್ದು ಸಾಕು. ನಿನ್ ವಂಸ ನಿಂತೋಯ್ತದೆ ಕಣೋ. ಎಣ್ಣು ನೋಡಿವ್ನಿ, ಊಂ ಅನ್ನು.”

ಅಡುಗೆಮನೆಯಲ್ಲಿ ಚಿಕ್ಕತ್ತೆಯ ಪಾತ್ರೆಯ ಸದ್ದು ನಿಂತಿತು. ಮಾವ ಹುಲ್ಲಿನ ಎಲೆಯ ಮುಂದಿನಿಂದ ಏಳದೆ, ಕೆರೆ ಏರಿಯ ಮೇಲಿನ ಅದೇ ಮೆತ್ತನೆ ದನಿಯಲ್ಲಿ ಹೇಳಿದರು:

“ಎಷ್ಟೋ ವಂಸ ಅಂಗೇ ನಿಂತೋಗವೆ ಅಕ್ಕ. ಅವೇನು ಪಾಪ ಮಾಡಿದ್ವಾ? ನನ್ನೆಂಡ್ತೀನೂ ಮಾಡಿಲ್ಲ. ನಮ್ಮದೂ ನಿಂತ್ರೆ ನಿಂತ್ಕಳ್ಳಿ ಬುಡು. ನಂಗೆ ಇವಳೇ ಸಾಕು.”

ನನಗೆ ಅಳು ಬಂತು. ಚಿಕ್ಕತ್ತೆ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು. ಹೆಂಗಸರು ಗಂಡಸರ ಜೊತೆ ಉಣ್ಣಲು ಕೂರದ ಆ ಮನೆಯಲ್ಲಿ, ಎಲ್ಲರೆದುರೇ ಮಾವನ ಪಕ್ಕ ಕೂತರು.

“ನಂಗೂ ಒಂದೆಲೆ ಆಕವ್ವ,” ಎಂದರು ನನ್ನತ್ತ ನೋಡಿ. “ಒಟ್ಟೆ ಅಸೀತದೆ.”