ಕಪಾಟು ಹತ್ತದ ಕಂಪ್ಯೂಟರು

ತಪ್ಪು ನನ್ನದೇ ಎಂದು ಒಳಗೊಳಗೆ ಅನುಮಾನ ಬಂದ ಕೂಡಲೇ ನನ್ನ ಗಂಟಲು ದೊಡ್ಡದಾಗುತ್ತದೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಇದು ರೋಗವಲ್ಲ, ಪಿಂಚಣಿಯ ಜೊತೆ ಬಂದ ಸವಲತ್ತು. ನಿವೃತ್ತನಾದ ಮೇಲೆ ಆತ್ಮಕಥೆ ಬರೆಯುತ್ತೇನೆಂದು ರಾಮನಗರದ ಅಂಗಡಿಯೊಂದರಿಂದ ಕಂಪ್ಯೂಟರು ತಂದೆ. ನಾಲ್ಕು ದಿನ ಕುಟ್ಟಿದರೂ ಅದು ಒಂದೇ ಒಂದು ಒತ್ತಕ್ಷರ ಕೊಡಲಿಲ್ಲ. ನನ್ನ ಹೆಸರು ಪುಟ್ಟಸ್ವಾಮಿ. ತೆರೆಯ ಮೇಲೆ ಬಂದದ್ದು ‘ಪುಟಟಸವಾಮಿ’. ಮಕ್ಕಳು ಹೀಗೆ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇದನ್ನು ಆಗಲೇ ಮೇಜಿನ ಮೇಲೆ ನಿಲ್ಲಿಸಿಯಾಗಿತ್ತು.

ಐದನೆಯ ದಿನ ಎಲ್ಲವನ್ನೂ ಪೆಟ್ಟಿಗೆಗಳಿಗೆ ತುಂಬಿ, ಅಂಗಡಿಗೇ ವಾಪಸ್ ಕೊಟ್ಟುಬರಲು ಹೆಂಡತಿ ಸುಶೀಲಳನ್ನೂ ಹೊರಡಿಸಿಕೊಂಡು ನಮ್ಮೂರು ಕುದೂರಿನಲ್ಲಿ ಬಸ್ಸು ಹತ್ತಿದೆ. ಮಾನಿಟರು ನನ್ನ ತೊಡೆಯ ಮೇಲೆ, ಸಿಪಿಯು ಅವಳ ತೊಡೆಯ ಮೇಲೆ. ಮಾಗಡಿ ಬರುವವರೆಗೂ ಅವಳು, “ಒಸಿ ಯೋಚ್ನೆ ಮಾಡ್ರೀ, ಮಡಿಕಳಾನ” ಎನ್ನುತ್ತಲೇ ಇದ್ದಳು. ಹೆಂಗಸರಿಗೆ ವಸ್ತುಗಳ ಮೇಲೆ ಮೋಹ ಜಾಸ್ತಿ ಎಂದುಕೊಂಡು ಕಿಟಕಿಯ ಕಡೆ ತಿರುಗಿದೆ.

ಅಂಗಡಿಯವನು ನಗುನಗುತ್ತಲೇ, “ವಾಪಸ್ ತಗೋತೀನಿ ಸಾರ್. ಆದ್ರೆ ನೂರಕ್ಕೆ ಹತ್ತು ರೂಪಾಯಿ ರೀಸ್ಟಾಕಿಂಗ್ ಚಾರ್ಜು ಹಿಡ್ಕೋತೀವಿ” ಎಂದ.

“ಅಂಗಂದ್ರೆ?”

“ಮತ್ತೆ ಪ್ಯಾಕ್ ಮಾಡಿ ಕಪಾಟಿಗೆ ಇಡೋ ಖರ್ಚು.”

ತಂದಾಗ ಈ ಮಾತೇ ಇರಲಿಲ್ಲ. ನನಗೆ ರೇಗಿತು. “ಅಷ್ಟೇ ತಾನೆ? ನಾನೇ ಇಡ್ತೀನಿ ಕಣಯ್ಯಾ!” ಎಂದು ಮಾನಿಟರಿನ ಪೆಟ್ಟಿಗೆ ಎತ್ತಿಕೊಂಡು ಸ್ಟೂಲು ಹತ್ತಿಯೇಬಿಟ್ಟೆ. ಪೆಟ್ಟಿಗೆ ಕಪಾಟಿನೊಳಕ್ಕೆ ಅರ್ಧ ಹೋಗಿ ನಿಂತಿತು. ಕೈ ಬಿಟ್ಟರೆ ಅದು ಬೀಳುತ್ತದೆ, ಬಿಡದಿದ್ದರೆ ನಾನು ಇಳಿಯುವಂತಿಲ್ಲ. ಅಲ್ಲಿಂದಲೇ ವಾದ ಮುಂದುವರಿಸಿದೆ. ಎತ್ತರದಿಂದ ಆಡಿದ ಮಾತಿಗೆ ತೂಕ ಹೆಚ್ಚು.

“ಮಾಲೇ ಕೆಟ್ಟೈತೆ! ಕೆಟ್ಟ ಮಾಲಿಗೆ ಯಾತರ ಚಾರ್ಜು?”

“ಕೆಟ್ಟಿದ್ರೆ ಒಂದ್ ಪೈಸಾನೂ ಹಿಡಿಯಕಿಲ್ಲ ಸಾರ್. ಏನ್ ಕೆಟ್ಟೈತೆ?”

“ಒತ್ತಕ್ಷರ ಬರಾಕಿಲ್ಲ!”

ಅವನೂ ಸುಶೀಲಳೂ ಸೇರಿ ಮೊದಲು ಪೆಟ್ಟಿಗೆಯನ್ನು, ಆಮೇಲೆ ನನ್ನನ್ನು ಇಳಿಸಿದರು. ಅವನು ವೈರುಗಳನ್ನು ಜೋಡಿಸಿ, “ಎಲ್ಲಿ, ಒತ್ತಿ ತೋರ್ಸಿ” ಎಂದ. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಸುಶೀಲ ಕುರ್ಚಿಯಲ್ಲಿ ಕೂತಿದ್ದಳು. ಟಕಟಕ ಸದ್ದಾಯಿತು. ‘ಶ್ರೀ ಪುಟ್ಟಸ್ವಾಮಿ, ನಿವೃತ್ತ ಮುಖ್ಯೋಪಾಧ್ಯಾಯರು’ ಎಂದು ಒತ್ತು, ದೀರ್ಘಗಳ ಸಮೇತ ಮೂಡಿತು.

“ಇದ್ಯಾವಾಗ ಕಲ್ತೆ?” ಎಂದೆ.

“ನೀವು ಮಧ್ಯಾನ ಮಲಗ್ತೀರಲ್ಲ, ಆಗ. ಒತ್ತು ಬೇಕಾದ್ರೆ ಎರಡಕ್ಷರದ ನಡುವೆ ಎಫ್ ಒತ್ತಬೇಕು ಕಣ್ರೀ, ಅಷ್ಟೇಯ.”

ಅಂಗಡಿಯವನು ನನ್ನ ಮುಖ ನೋಡಿದ. ನಾನು ಕಪಾಟು ನೋಡಿದೆ. ಚಾರ್ಜು ಕೊಡುವ ಮನಸ್ಸಿರಲಿಲ್ಲ, ವಾದ ಉಳಿದಿರಲಿಲ್ಲ. ಕಂಪ್ಯೂಟರು ಬಂದ ಬಸ್ಸಿನಲ್ಲೇ ಕುದೂರಿಗೆ ಮರಳಿತು. ಒಂದು ಪೈಸೆ ಚಾರ್ಜು ಕೊಡದೆ ಬಂದೆನೆಂದು ಊರೆಲ್ಲ ಹೇಳಿಕೊಂಡು ತಿರುಗಿದೆ; ಅದೇನೂ ಸುಳ್ಳಲ್ಲ.

ಈಗ ಆತ್ಮಕಥೆ ಭರದಿಂದ ಸಾಗಿದೆ. ನಾನು ಹೇಳುತ್ತೇನೆ, ಸುಶೀಲ ಟೈಪ್ ಮಾಡುತ್ತಾಳೆ. ನಿನ್ನೆ ಮೊದಲ ಅಧ್ಯಾಯ ಓದಿದೆ. ‘ನಾನು ಹುಟ್ಟಿನಿಂದಲೇ ಶಾಂತ ಸ್ವಭಾವದವನು’ ಎಂದು ಹೇಳಿ ಬರೆಸಿದ್ದು ಚೆನ್ನಾಗಿ ನೆನಪಿದೆ. ಆ ಸಾಲು ಎಲ್ಲೂ ಇರಲಿಲ್ಲ.

ಕೇಳಿದ್ದಕ್ಕೆ, “ಅದೊಂದನ್ನ ಮಾತ್ರ ಕಂಪ್ಯೂಟ್ರು ತಗೊಳ್ಳಾಕಿಲ್ಲ ಕಣ್ರೀ” ಎಂದಳು.

ಕೆಟ್ಟಿರಬೇಕು. ಆದರೆ ಈ ಸಲ ನಾನು ಬಾಯಿ ಬಿಡಲಿಲ್ಲ.