ಪುಟ್ಟಿಯ ಬಟ್ಟೆಗೊಂದು ಸೋಪಿನ ಪುಡಿ

ಮೊಮ್ಮಗಳ ಬಲಗೆನ್ನೆ ಕೆಂಪಾಗಿದ್ದಕ್ಕೆ ಸೊಸೆ ಈ ಮನೆಯ ನೀರನ್ನು ದೂರಿದ್ದು ಮೇಷ್ಟ್ರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಮೂವತ್ತಾರು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರ ಮನೆಯ ನೀರು ಅದು. ಗಾಬರಿಯಿಲ್ಲ, ಚರ್ಮಕ್ಕೆ ಏನೋ ತಾಗುತ್ತಿದೆ, ಅದನ್ನು ತಪ್ಪಿಸಿ ಎಂದಷ್ಟೇ ಡಾಕ್ಟರು ಹೇಳಿದ್ದರು. ಸೊಸೆ ಮಾತ್ರ, ಹತ್ತು ದಿನದಲ್ಲಿ ಕೆನ್ನೆ ತಿಳಿಯಾಗದಿದ್ದರೆ ಮಗುವಿನೊಂದಿಗೆ ತವರಿಗೆ ಹೋಗಿ ಎರಡು ತಿಂಗಳು ಇದ್ದುಬರುವುದಾಗಿ ಮೆಲ್ಲಗೆ ತಿಳಿಸಿದಳು. ಐದು ತಿಂಗಳ ಕೂಸಿಗೆ ಎರಡು ತಿಂಗಳೆಂದರೆ ಅರ್ಧ ಆಯುಷ್ಯ (ಮೇಷ್ಟ್ರ ಗಣಿತ ಯಾವಾಗಲೂ ತುಸು ಧಾರಾಳ). ಅಷ್ಟರಲ್ಲಿ ಅದು ಈ ಅಜ್ಜನನ್ನು ಮರೆತು ಆ ಅಜ್ಜನ ಮೀಸೆ ಎಳೆಯಲು ಕಲಿತುಬಿಟ್ಟರೆ?

"ತಪ್ಪು ನೀರಿನದಲ್ಲ, ಸೋಪಿನದು. ಇನ್ಮೇಲೆ ಪುಟ್ಟಿ ಬಟ್ಟೆ ನನ್ನ ಜವಾಬ್ದಾರಿ," ಎಂದು ಮೇಷ್ಟ್ರು ಘೋಷಿಸಿದರು.

"ನಿಮ್ಮ ಅಂಗಿ ಬಿಟ್ಟು ಇನ್ನೊಬ್ಬರ ಬಟ್ಟೆ ಯಾವತ್ತು ಒಗೆದಿದೀರಿ?" ಎಂದು ಹೆಂಡತಿ ಕೇಳಿದರು. ಅದು ಪಠ್ಯದ ಹೊರಗಿನ ಪ್ರಶ್ನೆಯೆಂದು ಮೇಷ್ಟ್ರು ಚೀಲ ಹಿಡಿದು ಹೊರಟರು.

ಅಂಗಡಿಯಿಂದ ನಾಲ್ಕು ಬಗೆಯ ಪುಡಿಗಳು ಬಂದವು. ನಾಲ್ಕನ್ನೂ ನೀರಿನಲ್ಲಿ ಕದಡಿ, ತಮ್ಮ ಎಡಗೈಯ ಮೇಲೆ ಪೆನ್ನಿನಿಂದ ನಾಲ್ಕು ವೃತ್ತ ಬರೆದು, ಒಂದೊಂದರಲ್ಲಿ ಒಂದೊಂದನ್ನು ಸವರಿಕೊಂಡರು. ಮೊದಲನೆಯದು ಉರಿಯಿತು. ಎರಡನೆಯದು ತುರಿಸಿತು. ಮೂರನೆಯದು ಏನೂ ಮಾಡಲಿಲ್ಲವಾದರೂ ಹೂವಿನಂಗಡಿಯಂತೆ ಘಮಘಮಿಸಿ ಅಶಿಸ್ತಿನ ಕಾರಣಕ್ಕೆ ಫೇಲಾಯಿತು. ಬಣ್ಣ, ವಾಸನೆ, ನೊರೆ ಯಾವುದರಲ್ಲೂ ಮುಂದೆ ಬಾರದ ನಾಲ್ಕನೆಯದು, ತರಗತಿಯ ಮೂಲೆಯಲ್ಲಿ ಸುಮ್ಮನೆ ಕುಳಿತ ಹುಡುಗನಂತೆ, ಕೊನೆಗೆ ಪ್ರಥಮ ದರ್ಜೆಯಲ್ಲಿ ಪಾಸಾಯಿತು. ಅಂದಿನಿಂದ ಪುಟ್ಟಿಯ ಲಂಗೋಟಿ, ಕುಲಾವಿ, ಹಾಸು ಹೊದಿಕೆಗಳೆಲ್ಲ ಅದರಲ್ಲೇ ಮಿಂದವು. ಹಿಂಡುವ ಮುಂಚೆ ಮೂರು ಸಲ ತಿಳಿನೀರು. ಮೂರನೆಯ ನೀರಿನಲ್ಲಿ ಒಂದು ಗುಳ್ಳೆ ಕಂಡರೂ ನಾಲ್ಕನೆಯ ಸಲ.

ಆದರೆ ಆರನೆಯ ದಿನ ಕೆನ್ನೆ ಇನ್ನಷ್ಟು ಕೆಂಪಾಗಿತ್ತು. ಸೊಸೆ ಅಟ್ಟದಿಂದ ಸೂಟ್‌ಕೇಸು ಇಳಿಸಿದಳು. ಮೇಷ್ಟ್ರು ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಳವೆಲ್ಲ ತಿರುಗಿದರು. ಕೆಂಪು ಹೆಚ್ಚಿದಷ್ಟೂ ಮರುಕ ಹೆಚ್ಚು. ಮರುಕ ಹೆಚ್ಚಿದಷ್ಟೂ ಎತ್ತಿಕೊಳ್ಳುವುದು ಹೆಚ್ಚು.

ಮಗುವನ್ನು ಈಸಿಕೊಳ್ಳಲು ಬಂದ ಹೆಂಡತಿ ಅವರ ಹೆಗಲಿನ ಹತ್ತಿರ ಬಗ್ಗಿದವರೇ ಮೂರು ಸಲ ಸೀನಿದರು.

"ರೀ, ನಿಮ್ಮ ಅಂಗಿ ಯಾತರಲ್ಲಿ ಒಗೀತೀರಿ?"

"ಯಾವಾಗಿನ ಹಾಗೇ. ಗುಲಾಬಿ ಪುಡಿ, ಆಮೇಲೆ ನೀಲಿ, ಆಮೇಲೆ ಗಟ್ಟಿಯಾಗಿ ಗಂಜಿ," ಎಂದು ಮೇಷ್ಟ್ರು ಹೆಮ್ಮೆಯಿಂದಲೇ ಹೇಳಿದರು.

"ಸರಿ. ಪುಟ್ಟಿ ದಿನವೆಲ್ಲ ಕೆನ್ನೆ ಇಟ್ಟು ಮಲಗೋದು ಎಲ್ಲಿ?"

ಮೇಷ್ಟ್ರು ತಮ್ಮ ಎಡಹೆಗಲನ್ನು ನೋಡಿಕೊಂಡರು. ಇಸ್ತ್ರಿಯ ಗೆರೆ ಅಲಗಿನಂತೆ ನಿಂತಿತ್ತು. ಅವರ ಮುಖ ಮೊಮ್ಮಗಳ ಕೆನ್ನೆಗಿಂತ ಕೆಂಪಾಯಿತು.

"ಹೋಗ್ಲಿ ಬಿಡಿ ಮಾವ, ಎಲ್ಲಾ ಅಂಗೀನೂ ನಾಲ್ಕನೇ ನಂಬರಿಗೆ ಹಾಕೋಣ," ಎಂದ ಸೊಸೆ ನಗು ತಡೆಯಲು ಅಡುಗೆಮನೆಗೆ ಓಡಿದಳು.

ಹತ್ತನೆಯ ದಿನಕ್ಕೆ ಕೆನ್ನೆ ತಿಳಿಯಾಗಿ, ಸೂಟ್‌ಕೇಸು ಅಟ್ಟ ಸೇರಿತು. ಆದರೆ ಮನೆಯಲ್ಲಿ ಹೊಸ ಕಾನೂನೊಂದು ಜಾರಿಗೆ ಬಂದಿದೆ: ಮೇಷ್ಟ್ರು ಮಗುವನ್ನು ಎತ್ತಿಕೊಳ್ಳುವ ಮುಂಚೆ ಹೆಂಡತಿ ಅವರ ಹೆಗಲನ್ನು ಮೂಸಿ ನೋಡಿ ಒಪ್ಪಿಗೆ ಕೊಡಬೇಕು. ಮದುವೆಯಾಗಿ ನಲವತ್ತು ವರ್ಷವಾದ ದಂಪತಿ ಅಂಗಳದಲ್ಲಿ ನಿಂತು ದಿನಕ್ಕೆ ನಾಲ್ಕು ಸಲ ಹೀಗೆ ಮಾಡುವುದನ್ನು ಕಂಡು ಎದುರುಮನೆಯ ಅಂಚೆ ಮಾಸ್ತರರು ಮುಜುಗರದಿಂದ ಕಿಟಕಿಯ ಪರದೆ ಎಳೆದುಕೊಳ್ಳುತ್ತಾರೆ. ನಿಜಸಂಗತಿಯನ್ನು ಅವರಿಗೆ ವಿವರಿಸಿಬಿಡಿ ಎಂದು ಹೆಂಡತಿ ಎಷ್ಟೋ ಸಲ ಹೇಳಿಯಾಯಿತು. ಮೇಷ್ಟ್ರಿಗೆ ಇನ್ನೂ ಪುರುಸೊತ್ತಾಗಿಲ್ಲ.