ಆರಿನ್‌ನ ಪಿಸ್ತೂಲಿಗೆ ಮುಪ್ಪು ಬಂದದ್ದು

ಕನೆಕ್ಟಿಕಟ್ ನದಿಯ ಎರಡೂ ದಂಡೆಯಲ್ಲಿ ಹಳೇ ಚಕಮಕಿ ಪಿಸ್ತೂಲಿನ ವಿಚಾರ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದರಲ್ಲಿ ಅರ್ಧ ಸುಳ್ಳು. ಉಳಿದರ್ಧ, ಬೇಲಿಯಾಚೆ ಮನೆಯ ಆರಿನ್ ಟಟಲ್ ಮೂವತ್ತು ವರ್ಷ ನನ್ನ ಕಿವಿಗೆ ತುಂಬಿದ್ದು.

ಆರಿನ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಸೈನ್ಯದ ಹಳೇ ಪಿಸ್ತೂಲು ಕೂಡಿಸುವುದು ಅವನ ಹುಚ್ಚು. ಸಿಕ್ಕಿದ್ದೆಲ್ಲ ಅಂಗವಿಕಲವೇ: ಒಂದಕ್ಕೆ ಹಿಡಿಯಿಲ್ಲ, ಇನ್ನೊಂದಕ್ಕೆ ನಳಿಗೆಯೇ ಇಲ್ಲ. ಊರ ಸಭಾಂಗಣದ ಪ್ರದರ್ಶನದ ಮೇಜಿನ ಮೇಲೆ ಸಾಯುವುದರೊಳಗೆ ಒಮ್ಮೆ ತನ್ನ ಪಿಸ್ತೂಲು ಕೂರಬೇಕು, ಅದೊಂದೇ ಅವನಾಸೆ.

ಶನಿವಾರ ಬೆಳಿಗ್ಗೆ ಫೋನು ಬಂತು. ಮೇಜಿಗೆ ಪಿಸ್ತೂಲು ಆರಿಸುವ ಹಾಲಿಸ್ಟರ್ ಸಾಹೇಬರು! "ತೀರಿಹೋದ ನಿಮ್ಮತ್ತೆ ಒಂದು ಪಿಸ್ತೂಲು ಬಿಟ್ಟುಹೋಗಿದಾರಂತಲ್ಲ, ಮಧ್ಯಾಹ್ನ ನೋಡೋಕೆ ಬರ್ತೀನಿ."

ಆರಿನ್ ಅಟ್ಟ ಹತ್ತಿದ. ಅತ್ತೆ ಹೋದಮೇಲೆ ಯಾರೂ ತೆರೆಯದ ಅವರ ಹಿಟ್ಟಿನ ಡಬ್ಬಿಯೊಳಗೆ, ಕೊಬ್ಬು ಸವರಿದ ಬಟ್ಟೆಯಲ್ಲಿ ಅದು ಮಲಗಿತ್ತು. ಅಬ್ಬಾ, ಏನು ಚೆಲುವು! ಆಕ್ರೋಟು ಮರದ ಹಿಡಿ, ಹಿತ್ತಾಳೆಯ ಮದ್ದಿನ ಬಟ್ಟಲು, ಕುದುರೆ ನೆಗೆದರೂ ಕೈತಪ್ಪಿ ಬೀಳದಂತೆ ನಳಿಗೆಗೇ ಕೀಲಿಸಿದ, ಮದ್ದು ಜಡಿಯುವ ಗಜ. ನಳಿಗೆಯ ಹೊಳಪಿನಲ್ಲಿ ನನ್ನ ಬೆಕ್ಕು ತನ್ನ ಮುಖ ತಾನೇ ನೋಡಿ ಬೆದರಿ ಮೂರು ದಿನ ಹಾಲು ಕುಡಿಯಲಿಲ್ಲ.

ಎದುರುಮನೆ ಕ್ಷೌರಿಕ ಡೆಲ್ಬರ್ಟ್ ಬಂದು ತಲೆಮೇಲೆ ಕೈ ಹೊತ್ತ. "ಅಯ್ಯೋ ಪುಣ್ಯಾತ್ಮ, ಇದನ್ನ ಯಾರೋ ತಿಕ್ಕಿಬಿಟ್ಟಿದಾರಲ್ಲೋ! ಹಳೇ ಕಬ್ಬಿಣದ ಕಂದು ಬಣ್ಣ ಅಂದ್ರೆ ಅಜ್ಜನ ಬಿಳಿಗಡ್ಡ ಇದ್ದಂಗೆ. ಅದನ್ನ ಬೋಳಿಸಿದ್ರೆ ಮರ್ಯಾದೆ ಎಲ್ಲಿ? ಹೋದ್ವರ್ಷ ತಿಕ್ಕಿದ ಪಿಸ್ತೂಲು ತಂದೋನನ್ನ ಹಾಲಿಸ್ಟರ್ ಬಾಗಿಲಿಂದ್ಲೇ ಅಟ್ಟಿದ್ರು."

ಆರಿನ್‌ನ ಮುಖ ಹಳಸಿದ ಹಾಲಿನಂತಾಯಿತು. "ಈಗೇನ್ಮಾಡ್ಲೋ?"

"ವಿನೆಗರ್ ಸುರಿ, ಕೋಳಿಗೊಬ್ಬರದಲ್ಲಿ ಹೂಳು. ಊಟದೊತ್ತಿಗೆ ಇನ್ನೂರು ವರ್ಷದ ಮುಪ್ಪು ಬರತ್ತೆ," ಅಂದಿತು ಬೇಲಿ ಮೇಲಿಂದ ಒಂದು ದನಿ. ಜೊತೆಗೇ ಒಂದು ಬಾಟಲಿಯೂ ಇಳಿದು ಬಂತು.

ಮುಪ್ಪು ಬಂತು. ಹಾಲಿಸ್ಟರ್ ಸಾಹೇಬರೂ ಬಂದರು. ಭೂತಗನ್ನಡಿ ಇಟ್ಟು ಹಿಡಿಯ ಮೇಲಿನ ಮುದ್ರೆ ನೋಡಿ, "ಅಪ್ಪಟ!" ಅಂದರು. ಆರಿನ್ ಎರಡಂಗುಲ ಎತ್ತರವಾದ. ಆಮೇಲೆ ಅವರು ನಳಿಗೆ ಮೂಸಿದರು.

"ಈ ಕಂದು ಇವತ್ತು ಬೆಳಿಗ್ಗೆಯದು. ಏನ್ರೀ ಮಾಡಿದ್ರಿ? ಇವು ಕಾರ್ಖಾನೆಯಿಂದ ಹೊರಟಾಗ ಬೆಳ್ಳಿ ಥರಾ ಹೊಳೀತಿದ್ವು! ಆ ಹೊಳಪು ಹಾಗೇ ಉಳಿದಿರೋದು ಸಾವಿರಕ್ಕೊಂದು. ತಮ್ಮ ಹತ್ರ ಇದೆ ಅಂತ ನಿಮ್ಮತ್ತೆ ನಂಗೆ ಕಾಗದ ಬರೆದಿದ್ರು. ಅದಕ್ಕೋಸ್ಕರ ಮೇಜಿನ ಮಧ್ಯದ ಜಾಗ ಖಾಲಿ ಬಿಟ್ಟಿದ್ದೆ."

ಆರಿನ್ ಕೋಳಿಗೂಡಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಯಾರ್ರೀ ನಿಮಗೆ ಈ ಬುದ್ಧಿ ಹೇಳಿದ ಮಹಾತ್ಮರು?"

ಆರಿನ್ ಮೆಲ್ಲಗೆ ಬೇಲಿಯ ಕಡೆ ತಿರುಗಿದ. "ಈ ವಿಚಾರದಲ್ಲಿ ನದಿಯ ಎರಡೂ ದಂಡೇಲಿ ಅವರಷ್ಟು ತಿಳಿದೋರು ಇನ್ನೊಬ್ಬರಿಲ್ವಂತೆ, ಸಾಹೇಬ್ರೇ."

ಎಪ್ಪತ್ತೆಂಟು ವರ್ಷದ ಮಂಡಿ ಇಟ್ಟುಕೊಂಡು ನಾನು ಅವತ್ತು ಎಷ್ಟು ದೂರ ಓಡಿದೆ, ಊಹಿಸಿ ನೋಡೋಣ?